ಮೂರನೇ ಬಾಗಿಲಿನ ಚಿಲಕ

ಎರಡು ಬಾಗಿಲ ನಡುವೆ ನನ್ನ ಮೇಜು.
ಎಡಕ್ಕೆ ಮೀಸೆ, ಬಲಕ್ಕೆ ಬೊಟ್ಟು.
ಬರೆದವನಿಗೆ ಏನವಸರವೋ,
ಮೀಸೆಯವನ ತುಟಿಗೂ ಅದೇ ಕೆಂಪು ಮೆತ್ತಿ ಹೋದ.
ಹದಿನಾಲ್ಕು ವರ್ಷದಿಂದ ಕಲಾಸಿಪಾಳ್ಯಕ್ಕೆ
ಇವರಿಬ್ಬರೇ ಗಂಡು ಹೆಣ್ಣು.

ಬರ್ಕೊಳ್ಳಿ ಮೇಡಂ.
ಒಂದಕ್ಕೆ ಎರಡು ರೂಪಾಯಿ, ಎರಡಕ್ಕೆ ಐದು.
ನಾನು ಮುಖ ನೋಡಲ್ಲ, ನಡಿಗೆ ನೋಡ್ತೀನಿ.
ಹೊಸೂರಿನ ಬಸ್ಸಿಳಿದವರದ್ದೂ ಮದನಪಲ್ಲಿ ಬಸ್ಸಿಳಿದವರದ್ದೂ
ಒಂದೇ ನಡಿಗೆ:
ಮಂಡಿ ಕೂಡಿಸಿ, ಉಸಿರು ಹಿಡಿದು,
ನಗೋದಕ್ಕೂ ಹೆದರಿ.

ಗುಜರಿ ಅಂಗಡಿ ತಬ್ರೇಜ್ ಬರ್ತಾನೆ, ಕೈಯಲ್ಲಿ ಐದು ವರ್ಷದ ಮಗಳು.
ಎಡಕ್ಕೆ ಹೋದರೆ ಗೋಡೆಗೆ ಮುಖ ಮಾಡಿದ ಗಂಡಸರ ಸಾಲು,
ಬಲಕ್ಕೆ ಹೋದರೆ ಚಪ್ಪಲಿ ಸೇವೆ.
ಮಗುವನ್ನ ನಾನೇ ಕರ್ಕೊಂಡು ಹೋದೆ.
ಬರೋದರೊಳಗೆ ಡಬ್ಬೀಲಿ ನಲವತ್ತು ರೂಪಾಯಿ ಮಾಯ.
ವಿಕ್ಟೋರಿಯಾ ಆಸ್ಪತ್ರೆಯಿಂದ ಒಬ್ಬಳು ಮುದುಕಿ,
ಲಕ್ವ ಹೊಡೆದ ಗಂಡನ ಕಂಕುಳಿಗೆ ಹೆಗಲು ಕೊಟ್ಟು
ಇಲ್ಲೇ, ಈ ಮೆಟ್ಟಿಲ ಮೇಲೇ ನಿಂತುಬಿಟ್ಟಳು.
ಅವನ ಪಂಚೆ ಒದ್ದೆಯಾಗೋವರೆಗೂ
ಯಾವ ಕಡೆ ಅಂತ ತೀರ್ಮಾನ ಆಗಲಿಲ್ಲ.

ಆಮೇಲೆ ಕಸ್ತೂರಿ. ಟೌನ್‌ಹಾಲ್ ಸಿಗ್ನಲ್ಲಿನವಳು.
'ನೀರೇ ಕುಡಿಯಲ್ಲಕ್ಕಾ, ಕುಡಿದರೆ ಇಳಿಸೋದೆಲ್ಲಿ?'
ಎಡದವರು ಶಿಳ್ಳೆ ಹೊಡೆದರು, ಬಲದವರು ಕಿರುಚಿದರು.
ನಾನು ಮಾಪು ಹಿಡಿದು ನಿಂತಿದ್ದೆ,
ಒಂದು ಮಾತೂ ಆಡಲಿಲ್ಲ.
ಅದನ್ನೂ ಬರ್ಕೊಳ್ಳಿ.

ಒಂದು ದಿನ ಕಾಗದ ಬಂತು.
'ಯಾರು ಬೇಕಾದರೂ' ಅನ್ನೋ ಎರಡು ಪದಕ್ಕೆ
ಮೂರು ಪುಟ, ಏಳು ಉಲ್ಲೇಖ, ಹಸಿರು ಶಾಯಿ ಸಹಿ.
ಗೋಡೆ ಒಡೆದು ಮೂರನೇ ಬಾಗಿಲು ಕೂಡಿಸಿದರು.
ಪೇಂಟರ್ ಹುಡುಗ ಬ್ರಷ್ ಕಚ್ಚಿಕೊಂಡು ಕೇಳಿದ,
'ಅಕ್ಕಾ, ಇಲ್ಲಿ ಯಾರನ್ನ ಬರೀಲಿ?'
ನನಗೇನು ಗೊತ್ತು.
ಬರೀ ನೀಲಿ ಬಳಿದು ಹೋದ.
ಬೀಗದ ಕೈ ಸೂಪರ್‌ವೈಸರ್ ಜೇಬಿಗೆ ಹೋಯ್ತು,
ಒಳಕ್ಕೆ ಪೊರಕೆ, ಬ್ಲೀಚಿಂಗ್ ಪೌಡರ್,
ಹೋದ ವರ್ಷದ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟು.

ಇದೆಲ್ಲ ಹೊಸದು ಅಂತೀರಲ್ಲ,
ಬಿನ್ನಿಪೇಟೆ ವಠಾರದಲ್ಲಿ ಹನ್ನೊಂದು ಮನೆಗೆ ಒಂದೇ ಕಕ್ಕಸು.
ತಗಡಿನ ಬಾಗಿಲು, ಅದಕ್ಕೆ ಮೀಸೆನೂ ಇಲ್ಲ, ಬೊಟ್ಟೂ ಇಲ್ಲ.
ಬಕೆಟ್ ಇಟ್ಟವರ ಸರದಿ.
ಒಳಗಿರೋರು ಕೆಮ್ಮಬೇಕು, ಹೊರಗಿರೋರು ಕಾಯಬೇಕು.
ಕೆಮ್ಮೇ ಕಾನೂನು.

ಚಿಲಕ ಮಾತ್ರ ಇರಲಿಲ್ಲ.
ಹದಿಮೂರಕ್ಕೆ, ಬಾಗಿಲಿನ ದಾರ ಒಂದು ಕೈಯಲ್ಲಿ ಎಳೆದು ಹಿಡಿದು
ಕೂತವಳು ನಾನು.
ತಗಡಿನ ತೂತಲ್ಲಿ ಒಂದು ಕಣ್ಣು ಕಂಡಿತ್ತು.
ಯಾರದು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.
ಅದಕ್ಕೇ, ಆವತ್ತು ಬಲಗಡೆ ಕಿರುಚಿದ ಹುಡುಗಿ ಮೇಲೆ
ನನಗೆ ಸಿಟ್ಟು ಬರಲ್ಲ.
ಕಸ್ತೂರಿ ಮುಖವೂ ಮರೆಯಲ್ಲ.

ಹೋದ ಶುಕ್ರವಾರ ಅವಳು ಬಂದಾಗ ಮೈ ಕೆಂಡ.
ಹೊಟ್ಟೆ ಹಿಡಿದು ನನ್ನ ಮೇಜಿಗೇ ಒರಗಿದಳು.
ಸೂಪರ್‌ವೈಸರ್ ಫೋನು ವ್ಯಾಪ್ತಿ ಪ್ರದೇಶದ ಹೊರಗೆ.
ಪಂಕ್ಚರ್ ಅಂಗಡಿ ರಾಡು ತಂದು
ಬೀಗಕ್ಕೆ ಮೂರೇಟು.
ಪೊರಕೆಗಳನ್ನೆಲ್ಲ ಹೊರಕ್ಕೆ ಎಸೆದೆ.
ನೋಡಿದರೆ, ಮೂರು ಪುಟದ ಬಾಗಿಲಿಗೆ
ಒಳಗಡೆ ಚಿಲಕವೇ ಇಲ್ಲ!
ಬೆನ್ನು ಕೊಟ್ಟು ನಿಂತೆ ನಾನು.
ಒಳಗೆ ಅವಳು ಅಳ್ತಿದ್ದಳು, ಉರಿಗೋ ಏನೋ.
ನಾನು ಕೆಮ್ಮುತ್ತಾ ಇದ್ದೆ,
ಯಾರೂ ಹತ್ತಿರ ಬರದ ಹಾಗೆ.

ಸಂಜೆ ಎಸ್‌.ಜೆ.ಪಿ. ರೋಡಿಂದ ಅರವತ್ತು ರೂಪಾಯಿ ಚಿಲಕ ತಂದೆ.
ಡಬ್ಬಿ ದುಡ್ಡಿಂದಲೇ. ಬೇಕಾದರೆ ಸಂಬಳದಲ್ಲಿ ಹಿಡೀಲಿ.
ಈಗ ತಬ್ರೇಜ್ ಮಗಳು ಒಳಗೆ ಹೋಗಿ ಅದನ್ನ
ಹಾಕ್ತಾಳೆ, ತೆಗೀತಾಳೆ, ಹಾಕ್ತಾಳೆ.
ಅವನು ಹೊರಗೆ ನಿಂತು ಲೆಕ್ಕ ಹಾಕ್ತಾನೆ.

ನಿಮ್ಮ ಫಾರಮ್ಮಲ್ಲಿ ಚಿಲಕಕ್ಕೆ ಕಾಲಂ ಇದೆಯಾ ಮೇಡಂ?
ಇಲ್ವಾ.
ಹೋಗ್ಲಿ, ಆಗಿನಿಂದ ನೋಡ್ತಿದ್ದೀನಿ,
ಮಂಡಿ ಕೂಡಿಸಿಕೊಂಡೇ ಬರೀತಿದ್ದೀರಿ.
ಪೆನ್ನು ಇಲ್ಲಿ ಕೊಡಿ.
ನೀಲಿ ಖಾಲಿ ಇದೆ.